ಒಂದು ಪಾವು ತೌಡಿಗೆ ಬಂದ ಹೆಸರು

ನಿಮ್ಮ ಮನೆಯ ಸ್ಟೀಲ್ ಪಾತ್ರೆಗಳನ್ನು ಯಾವತ್ತಾದರೂ ಬೋರಲು ಹಾಕಿ ಓದಿದ್ದೀರಾ? ಓದಿಲ್ಲವಾದರೆ ಇವತ್ತೇ ಓದಿ, ನನ್ನಾಣೆ! ಮದುವೆಗೆ ಯಾರು ಏನು ಕೊಟ್ಟರು, ಯಾವ ಬಿಂದಿಗೆ ಯಾರ ಗೃಹಪ್ರವೇಶದ್ದು, ಯಾವ ಸೋದರತ್ತೆ ತನ್ನ ಹೆಸರನ್ನು ಲೋಟಕ್ಕಿಂತ ದೊಡ್ಡದಾಗಿ ಕೊರೆಸಿಕೊಂಡಳು, ಎಲ್ಲವೂ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ತಳದಲ್ಲೇ ಇರುತ್ತದೆ. ಇವತ್ತು ಬೆಳಗ್ಗೆ ಅಟ್ಟದ ಡಬ್ಬಗಳನ್ನು ಇಳಿಸುವಾಗ ಒಂದು ಪುಟ್ಟ ಬಟ್ಟಲು ಉರುಳಿಕೊಂಡು ಬಂತು. ಎಂದೋ ಅಕ್ಕನ ಮನೆಯಿಂದ ಉಪ್ಪಿನಕಾಯಿ ತುಂಬಿಕೊಂಡು ಬಂದು ವಾಪಸ್ಸು ಹೋಗದೆ ಉಳಿದದ್ದು. ತಿರುಗಿಸಿದೆ. ‘ಚಿ॥ ಚೆರಿಂಗನಿಗೆ, ಚಿಕ್ಕಮ್ಮ ಸಾಕಮ್ಮ.’ ಅಯ್ಯೋ ದೇವರೇ! ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದದ್ದೂ ನನಗೆ ಗೊತ್ತಾಗಲಿಲ್ಲ.

ಈ ಹೆಸರನ್ನು ಕೊರೆಸಿದ್ದು ನಂಜನಗೂಡಿನ ಬಜಾರು ಬೀದಿಯ ಪಾತ್ರೆ ಅಂಗಡಿಯಲ್ಲಿ. ಕೊರೆಯುವವನು ಚೀಟಿಯನ್ನು ಓದಿ, ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿದ. “ಏನವ್ವಾ ಇದು, ಮಗೀನ ಹೆಸ್ರೋ ಸೈಕಲ್ ಕಂಪ್ನಿ ಹೆಸ್ರೋ?” ಅಂದ. “ಮಗೀಂದೇ ಕಣ್ರೀ, ಕೊರೀರಿ” ಅಂದೆ. ಯಾವ ದೇವರ ಹೆಸರು ಅಂತ ಕೇಳಿದ. ನಾನು ಮೇಲೆ ಕೆಳಗೆ ನೋಡಿ, “ಉತ್ತರದ ಕಡೆ ದೇವ್ರು” ಅಂದುಬಿಟ್ಟೆ. ನಿಜವಾದ ಅರ್ಥವನ್ನು ಹೇಳುವ ಧೈರ್ಯ ನನಗೆ ಇರಲಿಲ್ಲ. ಆಗ ನಮಗೆಲ್ಲ ಗೊತ್ತಿದ್ದ ಪ್ರಕಾರ ಆ ಹೆಸರಿನ ಅರ್ಥ ‘ಕಸ’.

ಹೆಸರಿನ ವಿಷಯದಲ್ಲಿ ನಾನು ಸ್ವಲ್ಪ ಹುಚ್ಚಿ ಅಂತಲೇ ಇಟ್ಟುಕೊಳ್ಳಿ. ಯಾಕಾಗಬಾರದು? ನಮ್ಮಪ್ಪನಿಗೆ ನಾನು ನಾಲ್ಕನೆಯ ಹೆಣ್ಣು. ಹುಟ್ಟಿದ ದಿನವೇ ‘ಸಾಕಮ್ಮ’ ಅಂತ ಹೆಸರಿಟ್ಟು ದೇವರಿಗೆ ಅರ್ಜಿ ಹಾಕಿದರು. ಅರ್ಜಿ ಮೇಲಕ್ಕೆ ಮುಟ್ಟಲಿಲ್ಲ ಅಂತ ಕಾಣುತ್ತದೆ, ನನ್ನ ಹಿಂದೆಯೇ ಐದನೆಯವಳು ಹುಟ್ಟಿದಳು. ಅವಳಿಗೆ ಮಾತ್ರ ಚಂದವಾಗಿ ‘ಸುಮಿತ್ರ’ ಅಂತ ಇಟ್ಟರು, ಇದು ಯಾವ ನ್ಯಾಯ ಹೇಳಿ! ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹಾಜರಿ ಕೂಗುವಾಗ ಮೇಷ್ಟ್ರು ನನ್ನ ಹೆಸರಿಗೆ ಬಂದೊಡನೆ ಪುಸ್ತಕ ಮುಚ್ಚಿ, “ಸಾಕು, ಇವತ್ತಿಗೆ ಇಷ್ಟೇ” ಅನ್ನುತ್ತಿದ್ದರು. ಇಡೀ ತರಗತಿ ನಗುತ್ತಿತ್ತು. ನಾನೂ ನಗುತ್ತಿದ್ದೆ, ಬೇರೆ ದಾರಿ ಏನಿತ್ತು?

ಇನ್‌ಸ್ಟಿಟ್ಯೂಟಿನಿಂದ ಮನೆಗೆ ಬರುವ ದಾರಿಯಲ್ಲೇ ಡೋಲಮ್ಮನ ಅಂಗಡಿ. ತೊಂಬತ್ತರ ದಶಕದಲ್ಲಿ ನಂಜನಗೂಡು ಬಸ್ ಸ್ಟ್ಯಾಂಡಿನ ಪಕ್ಕ, ದೀಪಾವಳಿ ಕಳೆದು ಚಳಿ ಶುರುವಾಗುತ್ತಿದ್ದ ಹಾಗೆ ನಾಲ್ಕು ಬಿದಿರು ನೆಟ್ಟು, ನೀಲಿ ಟಾರ್ಪಾಲು ಕಟ್ಟಿ, ಸ್ವೆಟರುಗಳನ್ನು ಸಾಲಾಗಿ ತೂಗುಹಾಕಿ ಕೂರುತ್ತಿದ್ದ ಟಿಬೆಟ್ಟಿನ ಹೆಂಗಸು. ಕೊಳ್ಳೇಗಾಲದಾಚೆ ಒಡೆಯರಪಾಳ್ಯದ ಕ್ಯಾಂಪಿನವಳು. ಹೆಸರು ಡೋಲ್ಮಾ. ನಮ್ಮ ಊರು ಅವಳನ್ನು ಎರಡೇ ದಿನದಲ್ಲಿ ‘ಡೋಲಮ್ಮ’ ಮಾಡಿತ್ತು. ನಮ್ಮ ಊರಿಗೆ ಚಳಿ ಅನ್ನುವುದು ಎಷ್ಟು ಬರುತ್ತದೆ ಅಂತ ನಿಮಗೂ ಗೊತ್ತು, ಆದರೂ ಅವಳ ಸ್ವೆಟರುಗಳು ಖಾಲಿಯಾಗುತ್ತಿದ್ದವು. ನಾನಂತೂ ಸ್ವೆಟರ್ ಕೊಂಡದ್ದಕ್ಕಿಂತ ಮಾತು ಕೊಂಡದ್ದೇ ಹೆಚ್ಚು.

ನನ್ನ ಹೆಸರಿನ ಅರ್ಥ ಹೇಳಿದ ದಿನ ಅವಳು ತೊಡೆ ತಟ್ಟಿಕೊಂಡು ನಕ್ಕಳು. “ನಮ್ಮಲ್ಲೂ ಐತೆ! ಹೆಣ್ಣು ಜಾಸ್ತಿ ಆದ್ರೆ ‘ಸಾಕು’ ಅಂತ ಹೆಸರು ಇಡ್ತಾರೆ. ನಮ್ಮ ಕ್ಯಾಂಪಲ್ಲಿ ಇಬ್ಬರು ಇದ್ದಾರೆ, ನಿನ್ನಂಗೇ ಮಾತಾಡ್ತಾರೆ” ಅಂದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ! ಹಿಮಾಲಯದ ಆಚೆಯಿಂದ ಬಂದವರಲ್ಲೂ ನನ್ನ ಜೊತೆಯವರು ಇದ್ದಾರೆ! ಅವತ್ತಿನಿಂದ ದಿನಾ ಒಂದು ಹೆಸರು ಕೇಳಿಕೊಂಡು ಬರುವುದೇ ನನ್ನ ಕೆಲಸವಾಯಿತು. ಅವರಲ್ಲಿ ಹುಟ್ಟಿದ ವಾರವನ್ನೇ ಹೆಸರಾಗಿ ಇಡುವುದುಂಟಂತೆ. ಭಾನುವಾರ ಹುಟ್ಟಿದರೆ ನೀಮಾ, ಸೋಮವಾರವಾದರೆ ದಾವಾ, ಶುಕ್ರವಾರವಾದರೆ ಪಾಸಂಗ್. ನಮ್ಮಲ್ಲಿ ಸೋಮ, ಮಂಗಳ, ಶುಕ್ರ ಇಲ್ಲವೇ, ಹಾಗೆಯೇ. ನಮ್ಮ ದೊಡ್ಡಕ್ಕ ಮಂಗಳವಾರ ಹುಟ್ಟಿದ ಮಂಗಳ. ಅವಳು ಅಲ್ಲಿ ಹುಟ್ಟಿದ್ದರೆ ಮಿಗ್ಮಾರ್. ಮನೆಗೆ ಓಡಿಬಂದು “ಮಿಗ್ಮಾರಕ್ಕಾ” ಅಂತ ಕೂಗಿ ಅವಳ ಕೈಲಿ ಬೆನ್ನಿಗೆ ಒಂದು ಹಾಕಿಸಿಕೊಂಡೆ.

ಅವರಲ್ಲಿ ಇನಿಷಿಯಲ್ಲು ಇಲ್ಲ, ಮನೆತನದ ಹೆಸರು ಅಂತ ಸಾಮಾನ್ಯವಾಗಿ ಇಲ್ಲ. ಗಂಡಿಗೆ ಇಡುವ ಎಷ್ಟೋ ಹೆಸರು ಹೆಣ್ಣಿಗೂ ನಡೆಯುತ್ತದೆ. ಮಗು ಹುಟ್ಟಿದರೆ ಲಾಮಾರ ಹತ್ತಿರ ಹೋಗಿ ಹೆಸರು ಕೇಳಿಕೊಂಡು ಬರುತ್ತಾರೆ. ದೊಡ್ಡ ಕಾಯಿಲೆ ಬಿದ್ದು ಎದ್ದರೆ ಹೆಸರನ್ನೇ ಬದಲಾಯಿಸಿಬಿಡುವುದೂ ಉಂಟು, ಸಾವು ಹಳೆಯ ಹೆಸರು ಹಿಡಿದು ಹುಡುಕಿಕೊಂಡು ಬಂದರೆ ಆ ಹೆಸರಿನವರು ಇಲ್ಲಿಲ್ಲ ಅನ್ನಲಿ ಅಂತ. ಇದನ್ನು ನಾನು ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದೆ. ನಮ್ಮಜ್ಜಿ ತಟ್ಟೆಯಿಂದ ಕೈ ಎತ್ತಿ ನನ್ನನ್ನೇ ನೋಡಿದರು. “ಇನ್ನೊಂದ್ ಸಲ ಏಳು” ಅಂದರು.

ಅಜ್ಜಿ ಯಾಕೆ ಹಾಗೆ ಕೇಳಿದರು ಅಂತ ಹೇಳಬೇಕಾದರೆ ಅಕ್ಕನ ವಿಷಯ ಹೇಳಬೇಕು. ಮಂಗಳಕ್ಕನನ್ನು ಹೆಡತಲೆಗೆ ಕೊಟ್ಟಿತ್ತು. ಭಾವ ಅಲ್ಲಿಯ ಹಾಲಿನ ಡೇರಿಯ ಕಾರ್ಯದರ್ಶಿ. ಅಕ್ಕನ ಮೊದಲ ಮಗು ಹತ್ತು ದಿನ ಇತ್ತು. ಎರಡನೆಯದಕ್ಕೆ ಅಜ್ಜಿ ತಮ್ಮ ಕಾಲದ ಶಾಸ್ತ್ರ ಮಾಡಿಸಿದರು. ಮಗುವನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಡುವುದು, ಪಕ್ಕದ ಮನೆಯವಳು ಬಂದು “ನಂಗೊಂದು ಮಗ ಸಿಕ್ತು” ಅಂತ ಎತ್ತಿಕೊಳ್ಳುವುದು, ಅವಳಿಂದ ಒಂದು ಪಾವು ತೌಡು ಕೊಟ್ಟು ಮಗುವನ್ನು ಕೊಂಡುಕೊಳ್ಳುವುದು. ಎತ್ತಿಕೊಂಡವಳೇ ಒಂದು ಅಸಹ್ಯದ ಹೆಸರು ಇಡಬೇಕು, ತಿಪ್ಪ ಅಂತಲೋ ಕಲ್ಲ ಅಂತಲೋ. ತೌಡಿಗೆ ಬಂದದ್ದು, ತಿಪ್ಪೆಯಲ್ಲಿ ಸಿಕ್ಕಿದ್ದು, ಇದು ತನಗೆ ಬೇಡ ಅಂತ ಜವರಾಯ ಮುಂದೆ ಹೋಗಲಿ ಅನ್ನುವ ಉಪಾಯ. ಆದರೆ ಆ ತಿಪ್ಪನೂ ಮೂರು ತಿಂಗಳಿಗೆ ಹೋಗಿಬಿಟ್ಟ. ಅಕ್ಕ ಆಮೇಲೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. ಈಗ ಮೂರನೆಯದಕ್ಕೆ ತುಂಬು ಬಸುರಿಯಾಗಿ ತವರಿಗೆ ಬಂದಿದ್ದಳು.

ಅಜ್ಜಿಯ ತರ್ಕ ಕೇಳಿ, ವಕೀಲರಾಗಬೇಕಿತ್ತು ನಮ್ಮಜ್ಜಿ! “ಜವರಾಯಂಗೆ ಕನ್ನಡ ಬತ್ತದೆ ಕಣೆ. ಎಷ್ಟು ಕಾಲದಿಂದ ನಮ್ಮೂರ್ಗೆ ಓಡಾಡ್ತಾವ್ನೆ! ತಿಪ್ಪ ಅಂದ್ರೆ ಮುದ್ದಿನ ಕೂಸು ಅಂತ ಅವ್ನಿಗೆ ಗೊತ್ತಾಗೋಗ್ಯದೆ. ಅವ್ನಿಗೆ ಬರ್ದಿರೋ ಬಾಸೇಲಿ ಎಸ್ರಿಡ್ಬೇಕು.”

ಗಂಡು ಮಗುವಾಯಿತು. ಹನ್ನೆರಡನೆಯ ದಿನ ಮಧ್ಯಾಹ್ನ ಅಜ್ಜಿ ಮೊರಕ್ಕೆ ಹಳೆಯ ಸೀರೆ ಹಾಸಿ, ಮಗುವನ್ನು ಮಲಗಿಸಿ, ಸೆರಗಿನಲ್ಲಿ ತೌಡು ಕಟ್ಟಿಕೊಂಡು ಹೊರಟೇಬಿಟ್ಟರು. ಹಿಂದೆ ಮೈತುಂಬ ಹೊದ್ದುಕೊಂಡ ಅಕ್ಕ, ಅಕ್ಕನ ಹಿಂದೆ ನಾನು. ಬಜಾರಿನವರೆಲ್ಲ ನೋಡುತ್ತಿದ್ದರು. ಡೋಲಮ್ಮ ಗಿರಾಕಿಗೆ ಸ್ವೆಟರ್ ತೋರಿಸುತ್ತಿದ್ದವಳು ಮೊರವನ್ನು ನೋಡಿ ಎದ್ದು ನಿಂತಳು. ಅಜ್ಜಿ ಮಗುವನ್ನು ಸೀದಾ ಸ್ವೆಟರ್ ರಾಶಿಯ ಮೇಲೆ ಇಟ್ಟು, “ಈ ಮಗ ನಿಂದು. ನಿಂಗೆ ಸಿಕ್ಕಿದ್ದು. ನಾನು ಕೊಂಡ್ಕೊಳಕೆ ಬಂದಿವ್ನಿ” ಅಂದರು. ಶಾಸ್ತ್ರವನ್ನೂ ಅಜ್ಜಿಯ ಜವರಾಯನ ತರ್ಕವನ್ನೂ ನಾನು ಬಿಡಿಸಿ ಹೇಳಿದೆ. ಡೋಲಮ್ಮ ಎರಡು ಕೈಯಲ್ಲೂ ಮಗುವನ್ನು ಎತ್ತಿಕೊಂಡು ಹಣೆಗೆ ಹಣೆ ತಾಗಿಸಿದಳು.

“ಈಗ ಎಸ್ರಿಡು. ನಿಮ್ ಬಾಸೇಲಿ. ತಿಪ್ಪೆನೋ ಕಸಾನೋ, ಕೇಳ್ದೋರು ಮೂಗು ಮುಚ್ಕೋಬೇಕು, ಅಂತಾದ್ದು” ಅಂದರು ಅಜ್ಜಿ.

ಡೋಲಮ್ಮ ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ತ್ಸೆರಿಂಗ್” ಅಂದಳು.

“ಅಂಗಂದ್ರೆ?”

“ಕಸ. ಬಾಳ ಕೆಟ್ಟ ಕಸ, ಅಜ್ಜಿ.”

ಅಜ್ಜಿಗೆ ಎಷ್ಟು ಖುಷಿಯಾಯಿತು ಅಂದರೆ ಒಂದು ಪಾವಿನ ಜಾಗದಲ್ಲಿ ಇದ್ದಬದ್ದ ತೌಡನ್ನೆಲ್ಲ ಸುರಿದುಬಿಟ್ಟರು. ಡೋಲಮ್ಮ ಒಂದು ಕೆಂಪು ಟೋಪಿಯನ್ನು ಮಗುವಿನ ತಲೆಗೆ ಹಾಕಿ ಮೊರದಲ್ಲಿ ಮಲಗಿಸಿದಳು. ಆ ತೌಡನ್ನು ಸಂಜೆ ಬಸ್ ಸ್ಟ್ಯಾಂಡಿನ ಹಸುವೊಂದು ತಿಂದುಕೊಂಡು ಹೋಯಿತು.

ಆ ಹೆಸರು ಹೆಡತಲೆಯಲ್ಲಿ ಹೇಗೆ ಸಂಸಾರ ಮಾಡಿತು ಅಂತ ಕೇಳಬೇಕು ನೀವು! ತ್ಸೆರಿಂಗ್ ಚೆರಿಂಗ ಆಯಿತು, ಚೆರಿಂಗಣ್ಣ ಆಯಿತು, ಹಿರಿಯರ ಬಾಯಲ್ಲಿ ಚೆರಿಂಗಪ್ಪನೂ ಆಯಿತು. ಪೋಲಿಯೋ ಹನಿ ಹಾಕುವ ನರ್ಸಮ್ಮ ಬರೆದುಕೊಳ್ಳಲಾರದೆ ‘ಮಂಗಳಮ್ಮನ ಮಗು’ ಅಂತ ಬರೆದುಕೊಂಡಳು. ಅಕ್ಕನ ಅತ್ತೆ ಮನೆ ಕಡೆಯ ನೆಂಟರು ಅರ್ಥ ಕೇಳಿದಾಗೆಲ್ಲ ನಾವು ಒಬ್ಬೊಬ್ಬರು ಒಂದೊಂದು ಹೇಳಿ ಸಿಕ್ಕಿಬೀಳುತ್ತಿದ್ದೆವು. ಭಾವ ಮಾತ್ರ ಒಂದು ದಿನವೂ ಆ ಹೆಸರು ಹಿಡಿದು ಕರೆಯಲಿಲ್ಲ, ಬರೀ “ಮಗಾ” ಅನ್ನುತ್ತಿದ್ದರು. ಅಕ್ಕನಿಗೋ, ಆ ಹೆಸರೇ ಕೋಟೆ. ಮಗುವಿಗೆ ಸ್ವಲ್ಪ ಮೈ ಬಿಸಿಯಾದರೆ ಸಾಕು, ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ “ಚೆರಿಂಗಾ, ಲೇ ಚೆರಿಂಗಾ” ಅಂತ ಕೂಗುತ್ತಿದ್ದಳು, ಇದು ಕಸ ಕಣಪ್ಪ, ಕಸ, ನೋಡಿಕೊಂಡು ಹೋಗು ಅಂತ ಜವರಾಯನಿಗೆ ನೆನಪು ಮಾಡುವವಳ ಹಾಗೆ. ಹುಡುಗ ಗುಂಡುಗುಂಡಾಗಿ ಬೆಳೆದ. ಕೋಳಿಗಳ ಹಿಂದೆ ಓಡಿದ, ಡೇರಿಯ ಕ್ಯಾನಿನೊಳಗೆ ಇಳಿದ, ಭಾವನ ಲೆಡ್ಜರಿನ ಮೇಲೆ ಎಮ್ಮೆ ಬರೆದ. ದಿನಕ್ಕೆ ನೂರು ಸಲ ಬೈಸಿಕೊಂಡ.

ಐದು ವರ್ಷ ತುಂಬಿತು. ಅಷ್ಟರಲ್ಲಿ ಎರಡು ಸಾವಿರದ ಇಸವಿಯೂ ದಾಟಿತ್ತು. “ಜೂನಿಗೆ ಸ್ಕೂಲಿಗೆ ಸೇರಿಸ್ಬೇಕು. ನಂಜುಂಡಸ್ವಾಮಿ ಅಂತ ಬರೆಸ್ತೀನಿ. ನನ್ ಮಗ ಕಸ ಅಂತ ಹೇಳ್ಕೊಂಡು ಎಸ್ಸೆಲ್ಸಿ ಪಾಸಾಗ್ಬೇಕಾ?” ಅಂದರು ಭಾವ. ನ್ಯಾಯವಾದ ಮಾತೇ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನಂಜುಂಡ ಅಂತ ಕೂಗಿದರೆ ಹತ್ತು ಜನ ತಿರುಗುತ್ತಾರೆ ಅನ್ನುವುದು ಬೇರೆ ವಿಷಯ. ಅಕ್ಕ ಮಾತ್ರ ಅನ್ನ ನೀರು ಬಿಟ್ಟು ಕೂತಳು. ಹೆಸರು ತೆಗೆದರೆ ಮಗು ಹೋಗುತ್ತದೆ ಅಂತ ಅವಳಿಗೆ ಖಂಡಿತ. ಭಾವನಿಗೆ ಹೆಂಡತಿಯ ಮೇಲೆ ಜೀವ, ಆದರೆ ಮಗನ ಮರ್ಯಾದೆಯೂ ಬೇಕಲ್ಲ. ಇಬ್ಬರೂ ಮಾತು ಬಿಟ್ಟರು. ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟರು. “ಎಸ್ರು ಇಟ್ಟೋಳೇ ಇಳಿಸ್ಬೇಕು. ಅವ್ಳ ತಾವ ಓಗಿ, ತೌಡು ವಾಪಸ್ ಇಸ್ಕೊಂಡು, ಶಾಸ್ತ್ರ ಬಿಚ್ಕೊಂಡು ಬರಾಣ.”

ಆ ವರ್ಷ ಡೋಲಮ್ಮ ನಂಜನಗೂಡಿಗೆ ಬಂದಿರಲಿಲ್ಲ. ಅವಳು ಕೂರುತ್ತಿದ್ದ ಜಾಗದಲ್ಲಿ ಮೊಬೈಲ್ ಕರೆನ್ಸಿ ಅಂಗಡಿ ಎದ್ದಿತ್ತು. ಪಕ್ಕದ ಬೇಕರಿಯವನು, “ಸ್ವೆಟ್ರು ಡೋಲಮ್ಮನಾ? ಈ ಸಲ ಟಿ. ನರಸೀಪುರದಾಗೆ ಅಂಗ್ಡಿ ಆಕವ್ರೆ ಕಣಕ್ಕ” ಅಂದ. ಸರಿ, ಭಾನುವಾರ ಬೆಳಗ್ಗೆ ಹೊರಟೆವು, ಅಜ್ಜಿ, ಅಕ್ಕ, ಚೆರಿಂಗ, ನಾನು, ಮತ್ತು ಮೊರ! ಟಿ. ನರಸೀಪುರದ ಬಸ್ಸು ಯಾವಾಗ ಖಾಲಿ ಇರುತ್ತದೆ? ಮೊರವನ್ನು ತಲೆಯ ಮೇಲೆ ಹಿಡಿದುಕೊಂಡು ಅಜ್ಜಿ ನಿಂತಿದ್ದರು. ಕಂಡಕ್ಟರು, “ಅಜ್ಜಿ, ಮೊರಕ್ಕೂ ಟಿಕೆಟ್ ಅರೀಲಾ?” ಅಂದ. “ಅರಿ, ನಿಮ್ಮವ್ವನ್ ಮದ್ವೇಲಿ ಕೊಟ್ಟಿದ್ ಮೊರ ಇದು” ಅಂದುಬಿಟ್ಟರು. ಬಸ್ಸೆಲ್ಲ ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ. ಮಗನನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಟಿ. ನರಸೀಪುರದಲ್ಲಿ ರಸ್ತೆಯ ಪಕ್ಕದಲ್ಲೇ ಮೂರು ಟಾರ್ಪಾಲು ಅಂಗಡಿ. ನಡುವಿನದರಲ್ಲಿ ಡೋಲಮ್ಮ! ನಮ್ಮನ್ನು ಕಂಡೊಡನೆ ಗಿರಾಕಿಯನ್ನು ಬಿಟ್ಟು ಓಡಿಬಂದು ಹುಡುಗನ ಕೆನ್ನೆ ಹಿಡಿದು, “ತ್ಸೆರಿಂಗ್! ಎಷ್ಟು ದೊಡ್ಡವ್ನು ಆದೆ!” ಅಂದಳು. ಪಕ್ಕದ ಅಂಗಡಿಯ ಟಿಬೆಟ್ಟಿನ ಹುಡುಗ, ಕಾಲೇಜು ಓದುವವನ ಹಾಗಿದ್ದ, ತಲೆ ಎತ್ತಿ ನೋಡಿದ. “ಓ, ಈ ಮಗು ಹೆಸರು ತ್ಸೆರಿಂಗಾ? ನಮ್ಮಪ್ಪನ ಹೆಸರೂ ಅದೇ” ಅಂದ.

ನನ್ನ ಬಾಯಿ ಸುಮ್ಮನಿರಬೇಕಲ್ಲ! “ಅಯ್ಯೋ ಪಾಪ, ನಿಮ್ಮಪ್ಪಂಗೂ ಕಸ ಅಂತ ಇಟ್ಟಿದ್ರಾ?” ಅಂದೆ.

ಹುಡುಗನ ಮುಖ ಕೆಂಪಾಯಿತು. “ಕಸನಾ? ಯಾರ್ರೀ ಹೇಳಿದ್ದು? ತ್ಸೆ ಅಂದ್ರೆ ಆಯಸ್ಸು. ರಿಂಗ್ ಅಂದ್ರೆ ಉದ್ದ. ತುಂಬ ವರ್ಷ ಬದುಕಲಿ ಅಂತ ಇಡೋ ಹೆಸರು. ನಮ್ಮಲ್ಲಿ ಮನೆಗೊಬ್ಬರು ತ್ಸೆರಿಂಗ್ ಇರ್ತಾರೆ!”

ಈ ಮಾತನ್ನು ಕೇಳಿಸಿಕೊಂಡವರು ನಮ್ಮ ನಾಲ್ವರಲ್ಲಿ ಮೂವರೇ. ನಾಲ್ಕನೆಯವನು ಆಗಲೇ ಕೈ ಬಿಡಿಸಿಕೊಂಡು ಅಷ್ಟು ದೂರದ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಹೋಗಿ ನಿಂತಿದ್ದ ಅನ್ನುವುದು ಆಮೇಲೆ ಗೊತ್ತಾಯಿತು. ಡೋಲಮ್ಮ ತಲೆ ತಗ್ಗಿಸಿ, ಮಡಿಸಿಟ್ಟಿದ್ದ ಸ್ವೆಟರನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಅಜ್ಜಿ ಮೊರವನ್ನು ನೆಲಕ್ಕೆ ಕುಕ್ಕಿದರು. “ಏನಮ್ಮಿ, ಮೋಸ ಮಾಡ್ಬುಟ್ಟಲ್ಲಾ! ನಾನ್ ಕೇಳಿದ್ದೇನು, ನೀನ್ ಕೊಟ್ಟಿದ್ದೇನು?”

“ಅಜ್ಜಿ, ಕೋಪ ಮಾಡ್ಬೇಡ. ನಮ್ಮಲ್ಲೂ ಕೆಟ್ಟ ಹೆಸರು ಇಡ್ತಾರೆ. ನನ್ನ ಅಣ್ಣಂಗೆ ನಾಯಿ ಹೇಲು ಅಂತ ಇಟ್ಟಿದ್ರು. ನಿಜ! ಅವನು ಬದುಕ್ದ, ಇನ್ನೂ ಇದ್ದಾನೆ, ಮೂರು ಮಕ್ಕಳು. ಆದ್ರೆ ಅಮ್ಮ ಅವನ್ನ ಕರೆದು ಊಟ ಹಾಕೋವಾಗ ಅಳೋಳು. ನಾನು ನೋಡಿದೀನಿ.” ಡೋಲಮ್ಮ ಸ್ವೆಟರನ್ನು ಪಕ್ಕಕ್ಕಿಟ್ಟಳು. “ನೀವು ಮಗು ತಂದು ಮಲಗಿಸಿದ್ರಿ. ನಾನು ಮುಖ ನೋಡ್ದೆ. ಕೆಟ್ಟ ಮಾತು ನನ್ನ ಬಾಯಿಗೆ ಬರಲಿಲ್ಲ. ಏನ್ ಮಾಡ್ಲಿ? ನಿಮ್ಮ ಜವರಾಯಂಗೆ ನಮ್ಮ ಭಾಷೆ ಬರಲ್ಲ ಅಂತ ನೀನೇ ಹೇಳ್ದೆ. ಬರಲ್ಲ ಅಂದ್ಮೇಲೆ ಕಸ ಆದ್ರೇನು, ಆಯಸ್ಸು ಆದ್ರೇನು?”

ಅಜ್ಜಿ ಸಿಕ್ಕಿಬಿದ್ದರು. ಅದು ಅವರದೇ ವಾದ! ಮೊರದ ಪಕ್ಕದಲ್ಲೇ ಕೂತುಕೊಂಡು, “ಅದೂ ಸರೀನೇ” ಅಂದರು. ನಮ್ಮಜ್ಜಿ ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಡೋಲಮ್ಮ ಇನ್ನೂ ಒಂದು ಹೇಳಿದಳು. ಹೆಸರಿಟ್ಟ ವರ್ಷ ಕ್ಯಾಂಪಿಗೆ ಹೋದವಳೇ ಲಾಮಾರಿಗೆ ವಿಷಯ ಒಪ್ಪಿಸಿದ್ದಳಂತೆ. ಹೆಸರು ಕೊಟ್ಟ ಮೇಲೆ ನೋಡಿಕೊಳ್ಳುವುದೂ ನಿನ್ನದೇ ಅಂದರಂತೆ ಅವರು. ಅಂದಿನಿಂದ ಪ್ರತಿವರ್ಷ ನಮ್ಮ ಹುಡುಗನ ಹೆಸರಿನಲ್ಲಿ ಅಲ್ಲಿ ಒಂದು ತುಪ್ಪದ ದೀಪ ಹಚ್ಚುತ್ತಿದ್ದಳಂತೆ. ನಮಗೆ ಇದರ ಗಂಧಗಾಳಿಯೂ ಇರಲಿಲ್ಲ. ನನಗೋ, ಆಗಲೇ ತಲೆಯಲ್ಲಿ ಆ ಬಟ್ಟಲು ಗಿರಗಿರ ತಿರುಗುತ್ತಿತ್ತು. ‘ಚಿ॥’ ಅಂದರೆ ಚಿರಂಜೀವಿ. ಚೆರಿಂಗ ಅಂದರೂ ಅದೇ. ಒಂದೇ ಹಾರೈಕೆಯನ್ನು ಎರಡು ಭಾಷೆಯಲ್ಲಿ, ಒಂದರ ಪಕ್ಕ ಒಂದು, ಚುಕ್ಕಿ ಹೊಡೆಸಿ ಕೊಟ್ಟಿದ್ದೆನಲ್ಲ! ಕೊರೆಯುವವನಿಗೆ ಹೋಗಿ ಹೇಳಿಬರೋಣ ಅನ್ನಿಸುವಷ್ಟು ಸಂಭ್ರಮವಾಯಿತು.

ಆದರೆ ಅಕ್ಕ ಬಿಳಿಚಿಕೊಂಡಿದ್ದಳು. ಸ್ವೆಟರ್ ರಾಶಿಯ ಅಂಚಿನಲ್ಲಿ ಕುಸಿದು ಕೂತಿದ್ದಳು. ಐದು ವರ್ಷ ಅವಳು ನಂಬಿಕೊಂಡಿದ್ದ ಕೋಟೆಯೇ ಇಲ್ಲ ಅಂತ ಈಗ ಗೊತ್ತಾಗಿತ್ತು. ಎರಡು ಮಕ್ಕಳನ್ನು ಕಳಕೊಂಡವಳು ಅವಳು, ನಾನಲ್ಲ. ನನ್ನ ಸಂಭ್ರಮಕ್ಕೆ ನನಗೇ ನಾಚಿಕೆಯಾಯಿತು.

“ಹಂಗಾದ್ರೆ ಇವ್ನ ಇಷ್ಟು ದಿವ್ಸ ಕಾಯ್ದಿದ್ದು ಯಾವ್ದು ಡೋಲಮ್ಮ?” ಅಂದಳು. “ನಾನು ಒಂದ್ ದಿನಾನೂ ಅವಂಗೆ ಒಳ್ಳೇದು ಅನ್ಲಿಲ್ಲ. ಕಣ್ಣು ಬಿದ್ದಾತು ಅಂತ ಮುದ್ದು ಮಾಡ್ಲಿಲ್ಲ. ಕಸ, ಕಸ ಅಂತ ಮನಸ್ನಾಗೆ ಅಂದ್ಕೊಂಡೇ ಕರ್ದೆ.”

ಡೋಲಮ್ಮ ಅವಳ ಪಕ್ಕ ಬಂದು ಕೂತಳು. “ದಿನಕ್ಕೆ ಎಷ್ಟು ಸಲ ಕರೀತೀಯ?”

“ಲೆಕ್ಕ ಎಲ್ಲಿ ಬಂತು? ಬೈಯೋದೇ ನೂರು ಸಲ.”

“ಬೈಯೋವಾಗ ಏನಂತ ಕರೀತೀಯ?”

“ಚೆರಿಂಗಾ ಅಂತ.”

“ಆಯ್ತಲ್ಲ! ದಿನಾ ನೂರು ಸಲ ನೀನೇ ಹೇಳಿದೀಯ, ಬಾಳ ವರ್ಷ ಬದುಕು, ಬಾಳ ವರ್ಷ ಬದುಕು ಅಂತ. ನಾನು ವರ್ಷಕ್ಕೆ ಒಂದೇ ದೀಪ ಹಚ್ಚಿದ್ದು.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. ಹುಡುಗ ಕಬ್ಬಿನ ಗಾಡಿಯ ಚಕ್ರಕ್ಕೆ ಒರಗಿಕೊಂಡು, ನಮಗೆ ಬೆನ್ನು ಹಾಕಿ, ಜಲ್ಲೆ ನುರಿಯುವುದನ್ನು ನೋಡುತ್ತಿದ್ದ. ಅಕ್ಕ ರಸ್ತೆಯ ಅಂಚಿಗೆ ಹೋಗಿ ನಿಂತು, ಎಂದಿನ ಹಾಗೆ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

“ಚೆರಿಂಗಾ!”

ಅವನು ಬೆಚ್ಚಿ ತಿರುಗಿದ. ಎರಡು ಕೈಯನ್ನೂ ಮೇಲೆತ್ತಿ ತೋರಿಸಿ, ಅಲ್ಲಿಂದಲೇ ಕಿರುಚಿದ. “ನಾನೇನೂ ಮಾಡ್ಲಿಲ್ಲ ಕಣವ್ವಾ! ಸುಮ್ನೆ ನಿಂತಿದ್ದೆ!”

“ಗೊತ್ತು ಕಣಪ್ಪ” ಅಂದಳು ಅಕ್ಕ, ಅಳುತ್ತಾ ನಗುತ್ತಾ. “ಅಲ್ಲೇ ನಿಂತಿರು. ಇನ್ನೊಂದ್ ಸಲ ಕರೀತೀನಿ.”